ಹೊಳಪಿಗೆ ಮುನ್ನ ಹೆಬ್ಬೆರಳು

ಆಯುಧ ಪೂಜೆ ಕಳೆದು ವಾರವಾಗಿದೆ. ಬೆಂಗಳೂರಿನ ಕಾಮಾಕ್ಷಿಪಾಳ್ಯದ ಶೆಡ್ಡುಗಳಲ್ಲಿ ಲೇತು, ಡ್ರಿಲ್ಲಿಂಗ್ ಮೆಷಿನ್ನುಗಳಿಗೆ ಹಾಕಿದ್ದ ಚೆಂಡುಹೂವಿನ ಹಾರಗಳು ಒಣಗಿ ಕಂದಿವೆ. ಷಟರಿಗೆ ಕಟ್ಟಿದ್ದ ಬಾಳೆಕಂದು ಜೋತುಬಿದ್ದಿದೆ. ಕುಂಕುಮ ತುಂಬಿ ಒಡೆದ ಬೂದುಗುಂಬಳದ ಕೆಂಪು ಟಾರಿನ ಮೇಲೆ ಇನ್ನೂ ಮಾಸಿಲ್ಲ. ಆ ಸಾಲಿನ ತುದಿಯ ಶೆಡ್ಡಿನಲ್ಲಿ ಮಾತ್ರ ಕಬ್ಬಿಣ ಕೊರೆಯುವ ಸದ್ದಿಲ್ಲ, ಕೂಲಂಟಿನ ವಾಸನೆಯಿಲ್ಲ. ಗೋಡೆಗೆಲ್ಲ ಬಿಳಿ ಬಣ್ಣ. ಸೂರಿನಲ್ಲಿ ಆರು ಮೂಲೆಯ ಚೌಕಟ್ಟುಗಳಾಗಿ ಜೋಡಿಸಿದ ಎಲ್‌ಇಡಿ ಪಟ್ಟಿಗಳು. ನೆಲದ ಮೇಲೆ ನೀರು ಸೋರಿ ಹೋಗುವ ಪ್ಲಾಸ್ಟಿಕ್ ಜಾಲರಿ. ನಡುವೆ ಒಂದು ಕಪ್ಪು ಸೆಡಾನ್ ನಿಂತಿದೆ.

ಇದು ಕಾರು ಡೀಟೇಲಿಂಗ್ ಶೆಡ್ಡು. ಊರ ಕಡೆ ವಾಟರ್ ಸರ್ವಿಸ್ ಎನ್ನುವ ಕೆಲಸ ಇಲ್ಲಿ ಬರೀ ಮೊದಲ ಮೆಟ್ಟಿಲು. ಗಾಡಿಗೆ ನೊರೆ ಹಾಕಿ ತೊಳೆದಾಗಿದೆ. ಬಣ್ಣಕ್ಕೆ ಕಚ್ಚಿಕೊಂಡಿದ್ದ ಕಬ್ಬಿಣದ ಕಣಗಳನ್ನು ಕರಗಿಸುವ ದ್ರವ ಹೊಡೆದು, ಅದು ನೇರಳೆ ಬಣ್ಣಕ್ಕೆ ತಿರುಗಿ ಇಳಿದದ್ದೂ ಆಗಿದೆ. ಮೇಲ್ಮೈಗೆ ಕ್ಲೇ ಉಜ್ಜಿ, ಅಂಗೈಗೆ ಒರಟು ಹತ್ತದಂತೆ ಮಾಡಿಟ್ಟಿದ್ದಾರೆ. ಹಬ್ಬದ ದಿನ ಬಾನೆಟ್ಟಿಗೆ ಇಟ್ಟ ಗಂಧ, ಕುಂಕುಮ ಹೋಗಿವೆ. ಕೊಳವೆಬಾವಿಯ ಗಡಸು ನೀರು ಒಣಗಿ ಉಳಿಸಿದ್ದ ಸುಣ್ಣದ ಚುಕ್ಕಿಗಳಲ್ಲೂ ಮುಕ್ಕಾಲು ಪಾಲು ಹೋಗಿವೆ. ಹಾರದ ದಾರ ಓಡುವ ಗಾಡಿಯ ಗಾಳಿಗೆ ತೊನೆದು ತಿಕ್ಕಿದ ಗೆರೆಗಳು ಮಾತ್ರ ಹಾಗೇ ಇವೆ.

ಮೇಸ್ತ್ರಿ ಸೂರಿನ ದೀಪ ಆರಿಸಿ, ಕೈಟಾರ್ಚನ್ನು ಬಾನೆಟ್ಟಿನ ಮೇಲೆ ಓರೆಯಾಗಿ ಬಿಡುತ್ತಾರೆ. ಅಲ್ಲಿಯವರೆಗೆ ನುಣ್ಣಗೆ ಕಂಡಿದ್ದ ಕಪ್ಪಿನಲ್ಲಿ ನೂರಾರು ಕೂದಲೆಳೆಯ ಗೀರುಗಳು ಬೆಳಕಿನ ಬಿಂದುವಿನ ಸುತ್ತ ಸುತ್ತುಸುತ್ತಾಗಿ ಎದ್ದು ಬರುತ್ತವೆ. ಟಾರ್ಚು ಸರಿದರೆ ಆ ಸುತ್ತುಗಳೂ ಅದರ ಜೊತೆಗೇ ಸರಿಯುತ್ತವೆ. ಗೀರುಗಳೇನೂ ದುಂಡಗೆ ಬಿದ್ದಿಲ್ಲ. ಎಲ್ಲ ದಿಕ್ಕಿಗೂ ಅಡ್ಡಾದಿಡ್ಡಿಯಾಗಿಯೇ ಇವೆ. ಬೆಳಕಿಗೆ ಅಡ್ಡ ಸಿಕ್ಕವು ಮಾತ್ರ ಮಿನುಗಿ ಕಣ್ಣಿಗೆ ಬೀಳುವುದರಿಂದ ದೀಪದ ಸುತ್ತ ವೃತ್ತ ಬರೆದ ಹಾಗೆ ತೋರುತ್ತದೆ. ಮೋಡದ ದಿನ ಇವು ಯಾರಿಗೂ ಕಾಣುವುದಿಲ್ಲ. ಮಧ್ಯಾಹ್ನದ ಬಿಸಿಲಿನಲ್ಲೋ ಪೆಟ್ರೋಲ್ ಬಂಕಿನ ದೀಪದಡಿಯಲ್ಲೋ ನಿಂತಾಗ ಮಾಲೀಕನ ಹೊಟ್ಟೆ ಉರಿಸುತ್ತವೆ.

ಗೀರು ಬಿದ್ದದ್ದು ಹೇಗೆಂದು ಈ ಶೆಡ್ಡಿನಲ್ಲಿ ಯಾರೂ ಕೇಳುವುದಿಲ್ಲ. ಅಪಾರ್ಟ್‌ಮೆಂಟಿನ ಬೇಸ್‌ಮೆಂಟಿನಲ್ಲಿ ಬೆಳಗಿನ ಜಾವ ಒಂದು ಬಕೆಟ್ ನೀರು, ಒಂದೇ ಬಟ್ಟೆ, ಹತ್ತಿಪ್ಪತ್ತು ಕಾರು. ಎರಡನೆಯ ಗಾಡಿಗೆ ಬರುವ ಹೊತ್ತಿಗೆ ಬಕೆಟ್ಟಿನ ನೀರು ಮಣ್ಣಿನ ಬಣ್ಣಕ್ಕೆ ತಿರುಗಿರುತ್ತದೆ. ರಸ್ತೆ ಅಗೆದ ಧೂಳು, ಕಟ್ಟಡ ಕಟ್ಟುವ ಕಡೆಯ ಮರಳು ಎಲ್ಲ ಬಟ್ಟೆಯ ನೂಲಿನಲ್ಲಿ ಸಿಕ್ಕಿಕೊಂಡು ಬಾನೆಟ್ಟಿನಿಂದ ಬಾನೆಟ್ಟಿಗೆ ಪ್ರಯಾಣ ಮಾಡುತ್ತವೆ. ಮರಳಿನಲ್ಲಿರುವ ಸಿಲಿಕಾ ಕಾರಿನ ಬಣ್ಣಕ್ಕಿಂತ ಎಷ್ಟೋ ಗಟ್ಟಿ. ಒರೆಸುವವನನ್ನು ಬೈದು ಫಲವಿಲ್ಲ. ಏಳು ಗಂಟೆಯೊಳಗೆ ಅಷ್ಟೂ ಗಾಡಿ ಒರೆಸಿ ಮುಗಿಸದಿದ್ದರೆ ಅವನ ಸಂಬಳ ಗಿಟ್ಟುವುದಿಲ್ಲ.

ಮೇಸ್ತ್ರಿ ಹಿಂದೆ ಟಿಂಕರಿಂಗ್, ಪೇಂಟಿಂಗ್ ಶೆಡ್ಡಿನಲ್ಲಿ ಬಣ್ಣ ಹೊಡೆಯುತ್ತಿದ್ದವರು. ಅವರ ಕೈಕೆಳಗಿನ ಹುಡುಗ ಬಾಗಲಕೋಟೆ ಕಡೆಯವನು, ಕೆಲಸಕ್ಕೆ ಸೇರಿ ಇನ್ನೂ ಹೊಸತು. ಪಾಲಿಶಿಂಗ್ ಮೆಷಿನ್ ಕೈಗೆ ಸಿಕ್ಕರೆ ಸಾಕೆಂಬ ತವಕ ಅವನಿಗೆ. ಮೇಸ್ತ್ರಿ ಮಾತ್ರ ಮೆಷಿನ್ನನ್ನು ಟೇಬಲ್ಲಿನ ಮೇಲೆ ಮಲಗಿಸಿಟ್ಟು, ಮೊದಲು ಮೊಬೈಲಿನಷ್ಟು ದೊಡ್ಡದೊಂದು ಮೀಟರು ತೆಗೆಯುತ್ತಾರೆ. ಬಾನೆಟ್ಟಿಗೆ ತಾಗಿಸಿದರೆ ಸಾಕು, ತಗಡಿನ ಮೇಲೆ ಒಟ್ಟು ಬಣ್ಣ ಎಷ್ಟು ಮೈಕ್ರಾನ್ ಇದೆಯೆಂದು ತೋರಿಸುತ್ತದೆ. ಮೀಟರಿಗೂ ಒಂದೆರಡು ಮೈಕ್ರಾನಿನ ಹೆಚ್ಚುಕಮ್ಮಿ ಇದ್ದೇ ಇರುತ್ತದೆ. ಹಾಗಾಗಿ ಒಂದೇ ಜಾಗದಲ್ಲಿ ಹಲವು ಸಲ ಇಟ್ಟು ಸರಾಸರಿ ಹಿಡಿಯುತ್ತಾರೆ. ಬಾನೆಟ್ಟಿನ ನಡುವೆ 112. ಅದನ್ನು ಮಾಸ್ಕಿಂಗ್ ಟೇಪಿನ ತುಂಡಿನ ಮೇಲೆ ಬರೆದು ಗಾಜಿಗೆ ಅಂಟಿಸುತ್ತಾರೆ. ಬಂಪರಿನ ಹತ್ತಿರ ಹೋದಾಗ ಮೀಟರು ಮಾತಾಡುವುದಿಲ್ಲ, ಅದು ಪ್ಲಾಸ್ಟಿಕ್. ಲೋಹವಿದ್ದರಷ್ಟೇ ಈ ಮೀಟರಿಗೆ ಅಳತೆ ಸಿಗುವುದು.

ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಪಾಲು. ಈ 112ರಲ್ಲಿ ತುಕ್ಕು ತಡೆಯುವ ಪದರ, ಪ್ರೈಮರ್, ಬಣ್ಣದ ಪದರ ಎಲ್ಲವೂ ಸೇರಿವೆ. ಎಲ್ಲದರ ಮೇಲೆ ಬಣ್ಣವಿಲ್ಲದ ಕ್ಲಿಯರ್ ಕೋಟ್, ಸಾಮಾನ್ಯವಾಗಿ 40ರಿಂದ 50 ಮೈಕ್ರಾನ್. ಬಿಸಿಲಿನ ಅತಿನೇರಳೆ ಕಿರಣಗಳಿಂದ ಬಣ್ಣವನ್ನು ಕಾಯುವುದು ಈ ಪದರವೇ. ಹೊಳಪೂ ಅದರದೇ, ಗೀರುಗಳೂ ಅದರ ಮೇಲೆಯೇ. ಗೀರು ಮುಚ್ಚಲು ಇಲ್ಲಿ ಏನನ್ನೂ ತುಂಬುವುದಿಲ್ಲ. ಗೀರಿನ ತಳ ಎಷ್ಟು ಆಳದಲ್ಲಿದೆಯೋ ಅಕ್ಕಪಕ್ಕದ ಕ್ಲಿಯರ್ ಕೋಟನ್ನೂ ಅಷ್ಟಕ್ಕೇ ಇಳಿಸಿ ಸಮ ಮಾಡುತ್ತಾರೆ. ಪಾಲಿಶ್ ಎಂದರೆ ಹೊಳಪು ಬಳಿಯುವುದಲ್ಲ, ಸವೆಸುವುದು. ಹೋದ ಪದರ ಮತ್ತೆ ಬರುವುದಿಲ್ಲ. ಆದ್ದರಿಂದ ಈ ಕೆಲಸದ ಜಾಣತನವೆಲ್ಲ ಎಷ್ಟು ಕಡಿಮೆ ಸವೆಸಿ ಮುಗಿಸಬಹುದು ಎನ್ನುವುದರಲ್ಲಿದೆ. ಅದು ತೀರ್ಮಾನವಾಗುವುದು ಮೆಷಿನ್ ಚಾಲೂ ಆಗುವ ಮೊದಲೇ, ಪ್ಯಾಡಿನ ಮುಖದ ಮೇಲೆ.

ಗೋಡೆಯ ರ‍್ಯಾಕಿನಲ್ಲಿ ಪ್ಯಾಡುಗಳು ಸಾಲಾಗಿವೆ. ಮೇಲಿನ ಹಲಗೆಯಲ್ಲಿ ಉಣ್ಣೆಯವು, ನಡುವೆ ಮೈಕ್ರೋಫೈಬರಿನವು, ಕೆಳಗೆ ಫೋಮಿನವು. ಉಣ್ಣೆಯದು ಎಲ್ಲಕ್ಕಿಂತ ಜೋರು. ಮರಳು ಕಾಗದ ಹಾಕಿ ಉಜ್ಜಿದ ಗುರುತನ್ನೂ ಬೇಗ ಎತ್ತುತ್ತದೆ. ಮೈಕ್ರೋಫೈಬರ್ ಪ್ಯಾಡಿನ ಮೈತುಂಬ ಗಿಡ್ಡ ಎಳೆಗಳು. ಇದೂ ಚೆನ್ನಾಗಿ ಕತ್ತರಿಸುತ್ತದೆ, ಆದರೆ ಮೆತ್ತನೆಯ ಪೇಂಟಿನ ಮೇಲೆ ಮಬ್ಬು ಬಿಡುವುದುಂಟು. ಫೋಮ್ ಎಂದರೆ ಪಾಲಿಯುರಿಥೇನ್. ಗಡಸು ಫೋಮು ಕಟಿಂಗಿಗೆ, ಮೆತ್ತನೆಯದು ಫಿನಿಶಿಂಗಿಗೆ. ಬಣ್ಣ ನೋಡಿ ಪ್ಯಾಡು ಆರಿಸುವ ಹಾಗಿಲ್ಲ. ಇಟಲಿಯ ರೂಪೆಸ್ ಕಂಪನಿಯಲ್ಲಿ ನೀಲಿ ಫೋಮ್ ಒರಟು, ಹಳದಿ ನಯ. ಅಮೆರಿಕದ ಲೇಕ್ ಕಂಟ್ರಿಯ ಹಳೆಯ ಸಾಲಿನಲ್ಲಿ ಹಳದಿಯೇ ಗಡಸು, ನೀಲಿ ಕೊನೆಯ ನಯಕ್ಕೆ. ಎರಡೂ ಒಂದೇ ಶೆಡ್ಡಿನಲ್ಲಿದ್ದರೆ ಹೊಸಬ ಎಡವುವುದು ಖಂಡಿತ. ಅದಕ್ಕೇ ಹುಡುಗ ಪ್ರತಿ ಪ್ಯಾಡಿನ ಅಂಚಿಗೂ ಮಾರ್ಕರಿನಲ್ಲಿ ‘ಕಟಿಂಗ್’, ‘ಫಿನಿಶ್’ ಎಂದು ಕನ್ನಡದಲ್ಲೇ ಬರೆದಿಟ್ಟಿದ್ದಾನೆ.

ಅವನು ಈಗ ಐದೂವರೆ ಇಂಚಿನ ಹೊಸ ಫೋಮ್ ಪ್ಯಾಡೊಂದರ ಪ್ಲಾಸ್ಟಿಕ್ ಹರಿಯುತ್ತಾನೆ. ಏರ್ ಗನ್ ಹಿಡಿದು ಅದರ ಮುಖಕ್ಕೆ ಗಾಳಿ ಹೊಡೆಯುತ್ತಾನೆ. ಕಾರ್ಖಾನೆಯಲ್ಲಿ ಫೋಮ್ ಕತ್ತರಿಸಿದಾಗ ಉಳಿದ ಪುಡಿ ಎಲ್ಲಾದರೂ ಇದ್ದರೆ ಹಾರಿಹೋಗಲಿ ಎಂದು. ಪ್ಯಾಡನ್ನು ಎಡಗೈಯಲ್ಲಿ ಅಂಗಾತ ಹಿಡಿದು, ಕಾಂಪೌಂಡಿನ ಬಾಟಲಿಯನ್ನು ಗಟ್ಟಿಯಾಗಿ ಕುಲುಕುತ್ತಾನೆ. ಅಲ್ಯೂಮಿನಿಯಂ ಆಕ್ಸೈಡಿನ ಕಣಗಳು ತಳಕ್ಕೆ ಕೂತು ಮೇಲೆ ಬರೀ ಎಣ್ಣೆ, ನೀರು ನಿಂತಿರುತ್ತವೆ. ಕುಲುಕದೆ ಸುರಿದರೆ ಬೇಕಾದದ್ದು ಬಾಟಲಿಯಲ್ಲೇ ಉಳಿಯುತ್ತದೆ. ಪ್ಯಾಡಿನ ಮೇಲೆ ಎಂಟು ಹತ್ತು ಕಡೆ ಬಟಾಣಿ ಗಾತ್ರದ ಹನಿಗಳು ಬೀಳುತ್ತವೆ. ಬಾಟಲಿ ಕೆಳಗಿಡುತ್ತಾನೆ. ಇನ್ನು ಕೆಲಸ ಗ್ಲೌಸು ತೊಟ್ಟ ಹೆಬ್ಬೆರಳಿನದು.

ಹೆಬ್ಬೆರಳು ನಡುವಿನಿಂದ ಹೊರಟು ಅಂಚಿನ ಕಡೆಗೆ ಸುತ್ತುತ್ತ ಹೋಗುತ್ತದೆ. ಮೊದಲ ಸುತ್ತಿಗೆ ಹನಿಗಳು ಹರಡಿ ಪಟ್ಟೆ ಪಟ್ಟೆಯಾಗುತ್ತವೆ. ಫೋಮಿನ ಕಣ್ಣುಗಳು ಇನ್ನೂ ಒಣಗಿಯೇ ಇವೆ. ಬಿಳಿ ಕಾಂಪೌಂಡ್ ಅವುಗಳ ತುಟಿಯ ಮೇಲಷ್ಟೇ ಕೂತಿದೆ. ಎರಡನೆಯ ಸುತ್ತಿನಲ್ಲಿ ಹುಡುಗ ಬೆರಳನ್ನು ಒತ್ತಿ ಎಳೆಯುತ್ತಾನೆ. ಫೋಮ್ ತಗ್ಗಿ ಮೇಲೇಳುವಾಗ ಕಾಂಪೌಂಡನ್ನು ಒಳಕ್ಕೆ ಹೀರಿಕೊಳ್ಳುತ್ತದೆ, ‘ಚಪ್ ಚಪ್’ ಎಂಬ ಸಣ್ಣ ಸದ್ದು. ಮೂರನೆಯ ಸುತ್ತಿಗೆ ಬಿಳಿ ಪಟ್ಟೆಗಳು ಮಾಯವಾಗಿ, ಪ್ಯಾಡಿನ ಇಡೀ ಮುಖ ಒಂದೇ ಮಟ್ಟಕ್ಕೆ ಮಸುಕಾಗಿ ತೇವಗೊಂಡಿರುತ್ತದೆ. ಟಾರ್ಚು ಹಿಡಿದು ಓರೆಯಾಗಿ ನೋಡಿದರೆ ಒಣ ಕಣ್ಣು ಒಂದೂ ಕಾಣಬಾರದು, ತುಂಬಿ ನಿಂತ ಕಣ್ಣೂ ಕಾಣಬಾರದು. ಮುಖದ ಅಂಚು ಸುತ್ತುವ ಕಡೆ ಹೊಸಬರು ಸಾಮಾನ್ಯವಾಗಿ ಬೆರಳು ಎತ್ತಿಬಿಡುತ್ತಾರೆ. ಕಾರಿನ ಉಬ್ಬುತಗ್ಗುಗಳಲ್ಲಿ ಮೊದಲು ತಾಗುವುದು ಆ ಅಂಚೇ.

“ಅಣ್ಣಾರ, ಇಷ್ಟ ಸಾಕೇನ್ರಿ?”

ಮೇಸ್ತ್ರಿ ಪ್ಯಾಡನ್ನು ಬೆಳಕಿಗೆ ತಿರುಗಿಸಿ ನೋಡುತ್ತಾರೆ. “ಸಾಕಾಗಿ ಮಿಕ್ಕಿದೆ. ನಡುವಿನ ತೂತಿನ ಹತ್ತಿರ ನಿಂತಿದೆಯಲ್ಲ, ಅದನ್ನ ಎತ್ತು. ಈಗ ತೆಗೀದಿದ್ರೆ ಮೆಷಿನ್ನೇ ತೆಗೆದು ನಿನ್ನ ಮುಖಕ್ಕೆ ಎರಚುತ್ತೆ.”

ಮೃದಂಗದವರು ಕಚೇರಿಗೆ ಮುನ್ನ ಎಡಮುಖಕ್ಕೆ ರವೆ ಮೆತ್ತುವುದನ್ನು ನೋಡಿದವರಿಗೆ ಈ ಲೆಕ್ಕ ಬೇಗ ಹತ್ತುತ್ತದೆ. ಕಡಿಮೆಯಾದರೆ ನಾದಕ್ಕೆ ತೂಕವಿಲ್ಲ, ಹೆಚ್ಚಾದರೆ ನಾದ ಮಂಕು; ಮೆತ್ತಿ, ಬಾರಿಸಿ, ಕಿವಿಗೊಟ್ಟು, ಚಿಟಿಕೆಯಷ್ಟು ತೆಗೆದು ಮತ್ತೆ ಬಾರಿಸಬೇಕು. ಪ್ಯಾಡಿನ ವಿಷಯದಲ್ಲೂ ಎರಡು ಕಡೆಯ ತಪ್ಪಿಗೂ ಬೇರೆ ಬೇರೆ ಬೆಲೆಯಿದೆ. ಒಣ ಪ್ಯಾಡಿಗೆ ನಾಲ್ಕು ಹನಿ ಹಾಕಿ ನೇರ ಕಾರಿನ ಮೇಲೆ ಇಟ್ಟರೆ, ಆ ನಾಲ್ಕು ಹನಿಗಳಿರುವ ಕಡೆ ಮಾತ್ರ ಪೇಂಟ್ ಸವೆಯುತ್ತದೆ. ಉಳಿದ ಕಡೆ ಬರಿಯ ಫೋಮು ಕ್ಲಿಯರ್ ಕೋಟನ್ನು ತಿಕ್ಕಿ ಬಿಸಿ ಮಾಡಿ, ತನ್ನದೇ ಹೊಸ ಸಣ್ಣ ಗೀರು ಬಿಡುತ್ತದೆ. ಗೀರು ತೆಗೆಯಲು ಬಂದದ್ದೇ ಗೀರು ಹಾಕಿದಂತಾಯಿತು. ಮತ್ತೆ ಅದನ್ನು ತೆಗೆಯಲು ಇನ್ನೊಂದು ಸುತ್ತು, ಇನ್ನೊಂದೆರಡು ಮೈಕ್ರಾನ್ ನಷ್ಟ. ಅದೇ ಕಾಂಪೌಂಡ್ ಅತಿಯಾದರೆ ಫೋಮಿನ ಕಣ್ಣುಗಳು ಕಟ್ಟಿಕೊಳ್ಳುತ್ತವೆ. ಪ್ಯಾಡು ಆ ದ್ರವದ ಮೇಲೆ ಜಾರುತ್ತ ಹೋಗುತ್ತದೆಯೇ ಹೊರತು ಕತ್ತರಿಸುವುದಿಲ್ಲ. ಸವೆದ ಪೇಂಟಿನ ಪುಡಿಗೆ ಹೋಗಲು ಜಾಗವಿಲ್ಲದೆ ಮುದ್ದೆಗಟ್ಟಿ ಮೇಲ್ಮೈಯನ್ನೇ ಉಜ್ಜುತ್ತದೆ.

ಮೈಕ್ರೋಫೈಬರ್ ಪ್ಯಾಡಿನ ಸಿದ್ಧತೆಗೆ ಬೆರಳಿನ ಜೊತೆ ಬ್ರಷ್ಷೂ ಬೇಕು. ಹೊಸ ಪ್ಯಾಡಿಗೆ ಮೊದಲು ಜೋರಾಗಿ ಗಾಳಿ ಹೊಡೆದು ಸಡಿಲ ಎಳೆಗಳನ್ನು ಹಾರಿಸುತ್ತಾರೆ. ಕಾಂಪೌಂಡ್ ಸವರಿದ ಮೇಲೆ ಎಳೆಗಳು ಒಂದಕ್ಕೊಂದು ಅಂಟಿ ಮಲಗಿಬಿಡುತ್ತವೆ. ಮೆತ್ತನೆಯ ನೈಲಾನ್ ಬ್ರಷ್ಷಿನಿಂದ ಎದುರು ದಿಕ್ಕಿಗೆ ಕೆದರಿ ಎಬ್ಬಿಸಿ, ಬುಡದವರೆಗೂ ತೇವ ಇಳಿದಿದೆಯೇ ಎಂದು ಬಿಡಿಸಿ ನೋಡುತ್ತಾರೆ. ಕತ್ತರಿಸುವ ಕೆಲಸ ಎಳೆಯ ತುದಿಯದ್ದಷ್ಟೇ ಅಲ್ಲ, ಬಾಗಿದಾಗ ಅದರ ಪಕ್ಕವೂ ಪೇಂಟಿಗೆ ತಾಗುತ್ತದೆ. ಉಣ್ಣೆಯದಂತೂ ಇನ್ನೂ ಕಾಟ. ಹೊಸ ಉಣ್ಣೆ ಪ್ಯಾಡು ಮೊದಲ ಸುತ್ತಿಗೆ ನವಿರು ಉದುರಿಸುತ್ತದೆ. ಅದನ್ನು ಕಾರಿನಿಂದ ದೂರ, ಷಟರಿನ ಹೊರಗೆ ಮೆಷಿನ್ನಿಗೆ ಹಾಕಿ ತಿರುಗಿಸಿ, ಹಲ್ಲಿನ ಚಕ್ರವೊಂದನ್ನು ಮೆಲ್ಲಗೆ ಆನಿಸಿ ಬಾಚಿಕೊಂಡು ತರಬೇಕು. ಹಾಗೆ ಮಾಡದಿದ್ದರೆ ಡ್ಯಾಶ್‌ಬೋರ್ಡಿನ ಸಂದಿಯಿಂದ ವೈಪರಿನ ಬುಡದವರೆಗೆ ಉಣ್ಣೆಯೇ ಉಣ್ಣೆ.

ಇಷ್ಟೆಲ್ಲ ಹಿಂದೆ ಇತ್ತೇ ಎಂದರೆ ಮೇಸ್ತ್ರಿ ನಗುತ್ತಾರೆ. ಟಿಂಕರಿಂಗ್ ಶೆಡ್ಡಿನ ದಿನಗಳಲ್ಲಿ ಒಂದು ಡಬ್ಬಿ ರಬ್ಬಿಂಗ್ ಕಾಂಪೌಂಡ್, ಒಂದು ಉಣ್ಣೆ ಪ್ಯಾಡು, ಒಂದು ರೋಟರಿ ಮೆಷಿನ್, ಒಂದು ಮಗ್ಗು ನೀರು. ಜೆ.ಸಿ. ರೋಡಿನಲ್ಲಿ ಬಿಡಿಭಾಗ ತರುವಾಗಲೇ ಡಬ್ಬಿಯೂ ಬರುತ್ತಿತ್ತು. ಪ್ಯಾಡು ಗಟ್ಟಿಯಾದರೆ ಸ್ಕ್ರೂಡ್ರೈವರಿನಲ್ಲಿ ಕೆರೆದು ಮುಂದುವರಿಯುತ್ತಿದ್ದರು. ಗಾಡಿ ಹೊಳೆಯುತ್ತಿತ್ತು, ಬಿಸಿಲಿಗೆ ತಂದಾಗ ಮೈಮೇಲೆಲ್ಲ ಮೆಷಿನ್ ಬಿಟ್ಟ ಗೆರೆಗಳು, ಅಂದರೆ ಹೊಲೊಗ್ರಾಮ್, ಅಲೆಯಲೆಯಾಗಿ ಹೊಳೆಯುತ್ತಿದ್ದವು. ಅಂದಿನ ಕಾಂಪೌಂಡುಗಳಲ್ಲಿ ಹಲವು ಉಜ್ಜುತ್ತ ಉಜ್ಜುತ್ತ ಪುಡಿಯಾಗಿ ತಾವೇ ನಯವಾಗುವ ಬಗೆಯವು. ಹೊತ್ತು ಕಳೆದಂತೆ ಅವುಗಳ ತಪ್ಪನ್ನು ಅವೇ ಅಷ್ಟಿಷ್ಟು ಒರೆಸಿಕೊಳ್ಳುತ್ತಿದ್ದವು. ಮುಂದೆ ಬಂದ ಹೊಸ ತಲೆಮಾರಿನ ಕಾಂಪೌಂಡಿನ ಕಣ ಮೊದಲಿಂದಲೇ ಅತಿ ಸಣ್ಣದು, ಕೊನೆಯವರೆಗೂ ಒಂದೇ ಗಾತ್ರ. ಮೆಗ್ವಾಯರ್ಸ್‌ನ ಎಂ105, ಎಂ205 ಈ ಬಗೆಯಲ್ಲಿ ಹೆಸರಾದವು. ಅಮೆರಿಕದ ಇಂಡಿಯಾನಾದಲ್ಲಿ 1901ರಲ್ಲಿ ಮರದ ಪೀಠೋಪಕರಣದ ಪಾಲಿಶ್ ಮಾಡುತ್ತ ಶುರುವಾಗಿ, ಆಮೇಲೆ ಕಾರಿನ ಕಡೆ ತಿರುಗಿ, 2008ರಲ್ಲಿ 3ಎಂ ಕೈಸೇರಿದ ಕಂಪನಿ ಅದು.

ಕಣ ಸವೆಯದಿದ್ದರೆ ಪ್ಯಾಡಿನ ಜವಾಬ್ದಾರಿ ಹೆಚ್ಚುತ್ತದೆ. ಕಣ ಎಲ್ಲೆಲ್ಲಿ ಇದೆಯೋ ಅಲ್ಲೆಲ್ಲ ಕೊನೆಯವರೆಗೂ ಒಂದೇ ಸಮ ಕತ್ತರಿಸುತ್ತದೆ, ಇಲ್ಲದ ಕಡೆ ಕೊನೆಯವರೆಗೂ ಇಲ್ಲ. ಹಾಗಾಗಿ ಕಣ ಎಲ್ಲ ಕಡೆ ಇರುವಂತೆ ಮೊದಲೇ ನೋಡಿಕೊಳ್ಳಬೇಕು. ಪ್ಯಾಡಿನ ಇಡೀ ಮುಖಕ್ಕೆ ಮೊದಲು ತೆಳ್ಳಗೆ ಹತ್ತಿಸಿಕೊಂಡು, ಮಿಕ್ಕದ್ದು ತೆಗೆದು, ಆಮೇಲೆ ಕೆಲಸಕ್ಕಿಳಿಯುವ ಈ ಪದ್ಧತಿಯನ್ನು ಪ್ರಚಾರಕ್ಕೆ ತಂದವರಲ್ಲಿ ಅಮೆರಿಕದ ಕೆವಿನ್ ಬ್ರೌನ್ ಒಬ್ಬರು. ಅಲ್ಲಿಯ ಪಾಲಿಶ್ ಕೆಲಸಗಾರರ ಬಾಯಲ್ಲಿ ಅದು ಅವರ ಹೆಸರಿನಿಂದಲೇ ನಡೆಯುತ್ತದೆ. ಕಾಮಾಕ್ಷಿಪಾಳ್ಯದ ಹುಡುಗನಿಗೆ ಆ ಹೆಸರು ಗೊತ್ತಿಲ್ಲ. ಅವನಿಗೆ ಗೊತ್ತಿರುವುದು ‘ಪ್ರೈಮ್ ಮಾಡೋದು’ ಎಂಬ ಎರಡು ಮಾತು, ಮತ್ತೆ ಮೇಸ್ತ್ರಿಯ ಕಣ್ಣು.

ಪ್ಯಾಡು ಈಗ ಮೆಷಿನ್ನಿಗೇರುತ್ತದೆ. ಬ್ಯಾಕಿಂಗ್ ಪ್ಲೇಟಿನ ವೆಲ್ಕ್ರೋಗೆ ಅಂಟಿಸುವಾಗ ಸುತ್ತಲೂ ಬೆರಳು ಆಡಿಸಿ ನಟ್ಟನಡುವೆ ಕೂತಿದೆಯೇ ಎಂದು ಪರೀಕ್ಷೆ. ಕೂದಲೆಳೆ ಆಚೀಚೆಯಾದರೂ ಮೆಷಿನ್ ನಡುಗಿ ಕೈ ಜೋಮು ಹಿಡಿಯುತ್ತದೆ. ಇದು ಡ್ಯುಯಲ್ ಆ್ಯಕ್ಷನ್ ಪಾಲಿಶರ್, ಇಲ್ಲಿಯವರ ಬಾಯಲ್ಲಿ ಡಿಎ. ರೋಟರಿಯಂತೆ ಒಂದೇ ಅಚ್ಚಿನ ಮೇಲೆ ತಿರುಗುವುದಲ್ಲ. 15 ಮಿಲಿಮೀಟರಿನ ಸುತ್ತಿನಲ್ಲಿ ಅಲ್ಲಾಡುತ್ತಲೇ ತನ್ನ ಸುತ್ತ ತಾನೂ ತಿರುಗುತ್ತದೆ. ಜೋರಾಗಿ ಒತ್ತಿದರೆ ಅಲ್ಲಾಟ ಉಳಿದು ತಿರುಗಾಟ ನಿಲ್ಲುತ್ತದೆ. ಅದು ಗೊತ್ತಾಗಲೆಂದು ಪ್ಲೇಟಿನ ಬದಿಗೆ ಮಾರ್ಕರಿನಲ್ಲಿ ಒಂದು ಕಪ್ಪು ಗೆರೆ ಎಳೆದಿದ್ದಾರೆ. ಗೆರೆ ಸುತ್ತುತ್ತಿದ್ದರೆ ಸರಿ, ಒಂದೆಡೆ ನಿಂತು ನಡುಗಿದರೆ ಕೈ ಹಗುರ ಮಾಡಬೇಕು.

ಬಾನೆಟ್ಟಿನ ಮೂಲೆಯಲ್ಲಿ ಎರಡಡಿ ಚೌಕಕ್ಕೆ ಟೇಪ್ ಹಾಕಿದ್ದಾರೆ. ಇದು ಪರೀಕ್ಷೆಯ ಜಾಗ. ಎಲ್ಲಕ್ಕಿಂತ ಸಾಧು ಜೋಡಿ, ಅಂದರೆ ಮೆತ್ತನೆಯ ಪ್ಯಾಡು ಮತ್ತು ನಯವಾದ ಪಾಲಿಶಿನಿಂದ ಮೊದಲು ನೋಡುವುದು ಇಲ್ಲಿಯ ಕಟ್ಟಳೆ. ಅದರಿಂದ ಗೀರು ಹೋದರೆ ಮುಗಿಯಿತು. ಹೋಗದಿದ್ದರೆ ಒಂದು ಮೆಟ್ಟಿಲು ಜೋರಿನದಕ್ಕೆ ಏರಬಹುದು. ಮೊದಲೇ ಜೋರಿನದನ್ನು ಹಿಡಿದರೆ ಕಡಿಮೆಯಲ್ಲಿ ಆಗುತ್ತಿತ್ತೇ ಎಂದು ತಿಳಿಯುವ ದಾರಿಯೇ ಇಲ್ಲ. ಈ ಕಪ್ಪು ಗಾಡಿಗೆ ಮೆತ್ತನೆಯ ಪ್ಯಾಡು ಸಾಲಲಿಲ್ಲ. ಅದಕ್ಕೇ ಹುಡುಗ ಕಟಿಂಗ್ ಪ್ಯಾಡು ಸಿದ್ಧ ಮಾಡಿದ್ದು.

ಪ್ರೈಮ್ ಆದ ಪ್ಯಾಡಿನ ಮೇಲೆ ಈಗ ನಾಲ್ಕೇ ಹನಿ ಹೊಸ ಕಾಂಪೌಂಡ್. ಮೇಸ್ತ್ರಿ ಮೆಷಿನ್ ಆನ್ ಮಾಡದೆಯೇ ಅದನ್ನು ಚೌಕದೊಳಗೆ ಅಲ್ಲಲ್ಲಿ ಒತ್ತಿ ಹನಿಗಳನ್ನು ಮೆತ್ತಿಸುತ್ತಾರೆ. ಒಂದನೆಯ ಸ್ಪೀಡಿನಲ್ಲಿ ಹರಡಿ, ನಾಲ್ಕಕ್ಕೆ ಏರಿಸುತ್ತಾರೆ. ಸದ್ದು ಗಡಸಾಗಿ ಶುರುವಾಗಿ ಕ್ರಮೇಣ ಒಂದೇ ಶ್ರುತಿಗೆ ಬಂದು ನಿಲ್ಲುತ್ತದೆ. ಸೆಕೆಂಡಿಗೆ ಒಂದಿಂಚಿನಷ್ಟು ನಿಧಾನ. ಅಡ್ಡ ಸಾಲು, ಮತ್ತೆ ಉದ್ದ ಸಾಲು; ಪ್ರತಿ ಸಾಲೂ ಹಿಂದಿನದರ ಅರ್ಧಭಾಗವನ್ನು ತುಳಿದೇ ಹೋಗುತ್ತದೆ. ಕ್ಲಿಯರ್ ಕೋಟ್ ಮೇಲಿನ ಬಿಳಿ ಪೊರೆ ತೆಳುವಾಗುತ್ತ, ಕೊನೆಗೆ ಎಣ್ಣೆಯ ಛಾಯೆಯಷ್ಟೇ ಉಳಿಯುತ್ತದೆ. ಧೂಳು ಏಳುವುದಿಲ್ಲ, ಗೋಡೆಗೆ ಒಂದು ಹನಿಯೂ ಸಿಡಿಯುವುದಿಲ್ಲ. ಮೈಕ್ರೋಫೈಬರ್ ಟವೆಲಿನಿಂದ ಒರೆಸಿ, ಐಸೊಪ್ರೊಪೈಲ್ ಆಲ್ಕೊಹಾಲ್ ಬೆರೆಸಿದ ದ್ರವ ಚಿಮುಕಿಸಿ ಮತ್ತೊಮ್ಮೆ ಒರೆಸುತ್ತಾರೆ. ಪಾಲಿಶಿನ ಎಣ್ಣೆ ಗೀರಿನೊಳಗೆ ಕೂತು ಸುಳ್ಳು ಹೊಳಪು ತೋರಿಸಬಾರದಲ್ಲ. ಟಾರ್ಚು ಬಿಟ್ಟರೆ ಟೇಪಿನ ಆಚೆ ಗೀರಿನ ಜಾಲ, ಈಚೆ ಒಂದೇ ಒಂದು ಬೆಳಕಿನ ಚುಕ್ಕಿ.

“ಈಗ ನಾ ಮಾಡ್ಲೇನ್ರಿ?” ಹುಡುಗನ ಕೈ ಮೆಷಿನ್ನಿನ ಮೇಲಿದೆ.

“ಮೊದ್ಲು ಪ್ಯಾಡ್ ಕ್ಲೀನ್ ಮಾಡು.”

ಒಂದು ಚೌಕ ಮುಗಿದ ಕೂಡಲೇ ಪ್ಯಾಡು ಹೊಸದಲ್ಲ. ಅದರೊಳಗೆ ಈಗ ಕಾಂಪೌಂಡಿನ ಜೊತೆ ಸವೆದು ಬಂದ ಕ್ಲಿಯರ್ ಕೋಟೂ ಸೇರಿದೆ. ಹುಡುಗ ಅದನ್ನು ಕಾರಿನಿಂದ ಆಚೆ ತಿರುಗಿಸಿ, ಮೆಷಿನ್ ಓಡುವಾಗಲೇ ಟವೆಲ್ಲನ್ನು ಅದರ ಮುಖಕ್ಕೆ ಒತ್ತಿ ಹಿಡಿಯುತ್ತಾನೆ. ಆಮೇಲೆ ಏರ್ ಗನ್ನಿನ ಬಾಯಿ ನಡುವಿನಿಂದ ಅಂಚಿಗೆ ಓಡುತ್ತದೆ, ಬಿಳಿ ಪುಡಿ ಷಟರಿನ ಕಡೆ ಹಾರುತ್ತದೆ. ಕಣ್ಣುಗಳು ಬಿಡಿಸಿಕೊಂಡವು. ಮತ್ತೆ ಇಡೀ ಪ್ಯಾಡಿಗೆ ಬಳಿಯಬೇಕಿಲ್ಲ, ಮೂರು ನಾಲ್ಕು ಹನಿ ಸಾಕು. ಮೊದಲು ಹತ್ತಿಸಿದ ಪದರ ಒಳಗಿದ್ದೇ ಇದೆ. ಎರಡು ಡೋರು ಮುಗಿಯುವಷ್ಟರಲ್ಲಿ ಫೋಮಿನ ನಡುಭಾಗ ಬಿಸಿಯಾಗಿ ಮೆತ್ತಗಾಗುತ್ತದೆ. ಹಾಗೇ ಎಳೆದಾಡಿದರೆ ವೆಲ್ಕ್ರೋದ ಅಂಟು ಬಿಟ್ಟು ಪ್ಯಾಡು ಹಾರಿಹೋಗುವುದೂ ಉಂಟು. ಆಗ ಅದಕ್ಕೆ ವಿಶ್ರಾಂತಿ, ರ‍್ಯಾಕಿನಿಂದ ಇನ್ನೊಂದು, ಮತ್ತೆ ಹೆಬ್ಬೆರಳು. ಹೀಗೆ ಒಂದು ಗಾಡಿ ಐದಾರು ಪ್ಯಾಡು ಬೇಡುತ್ತದೆ. ನೆಲಕ್ಕೆ ಬಿದ್ದ ಪ್ಯಾಡನ್ನಂತೂ ತೊಳೆಯದೆ ಪೇಂಟಿನ ಹತ್ತಿರ ತರುವಂತಿಲ್ಲ. ಒಂದು ಮರಳಿನ ಕಣ ಹತ್ತಿದ್ದರೂ ಇಷ್ಟು ಹೊತ್ತಿನ ಕೆಲಸ ನೀರಿಗೆ.

ಪ್ಯಾಡಿನ ಮೇಲೆ ಉಳಿಯುವ ಕೊಳೆಯ ಬಣ್ಣವನ್ನೂ ಓದಲು ಬರಬೇಕು. ಕಪ್ಪು ಕಾರು ಉಜ್ಜಿದರೂ ಆ ಕೊಳೆ ಬಿಳಿಯಾಗಿಯೇ ಉಳಿಯಬೇಕು, ಸವೆದದ್ದು ಬಣ್ಣವಿಲ್ಲದ ಪದರವಲ್ಲವೇ? ಪ್ಯಾಡಿನ ಮೇಲೆ ಕಪ್ಪು ಬಂದರೆ ಕ್ಲಿಯರ್ ಕೋಟ್ ಮುಗಿದು ಬಣ್ಣಕ್ಕೇ ಕೈ ಹತ್ತಿದೆಯೆಂದು ಅರ್ಥ. ಮೆಷಿನ್ ಅಲ್ಲೇ ನಿಲ್ಲಬೇಕು. ಹಳೆಯ ಏಕಪದರದ ಬಣ್ಣದ ಗಾಡಿಗಳ ಮಾತು ಬೇರೆ. ಉತ್ತರಪಾರಾದ ಕಾರ್ಖಾನೆಯಲ್ಲಿ 2014ರಲ್ಲಿ ತಯಾರಿಕೆ ನಿಂತುಹೋದ ಅಂಬಾಸಿಡರಿನ ಹಳೆಯ ಮಾದರಿಯೊಂದನ್ನು ಯಾರಾದರೂ ಪ್ರೀತಿಯಿಂದ ಕಾಪಾಡಿ ತಂದರೆ, ಮೊದಲ ಸುತ್ತಿಗೇ ಪ್ಯಾಡು ಗಾಡಿಯ ಬಣ್ಣಕ್ಕೆ ತಿರುಗುತ್ತದೆ. ಅಲ್ಲಿ ಗಾಬರಿ ಬೇಡ, ಆದರೆ ಪ್ಯಾಡನ್ನು ಇನ್ನೂ ಬೇಗ ಬೇಗ ಬದಲಿಸಬೇಕು.

ಕಟಿಂಗ್ ಮುಗಿದ ಮೇಲೆ ಫಿನಿಶಿಂಗ್. ಮೆತ್ತನೆಯ ಫೋಮು, ನಯವಾದ ಪಾಲಿಶು. ಕಪ್ಪು ಬಣ್ಣಕ್ಕೆ ಈ ಸುತ್ತು ತಪ್ಪಿಸುವಂತಿಲ್ಲ. ಇಲ್ಲಿ ಪ್ಯಾಡು ಸಿದ್ಧ ಮಾಡುವಾಗ ಹುಡುಗನ ಹೆಬ್ಬೆರಳು ಮೊದಲಿಗಿಂತ ಹಗುರವಾಗಿದೆ. ಮೆತ್ತನೆಯ ಫೋಮು ಬೇಗ ಕುಡಿಯುತ್ತದೆ, ಹೆಚ್ಚು ಕೊಟ್ಟರೆ ತುಂಬಿಕೊಂಡು ಭಾರವಾಗುತ್ತದೆ. ಗ್ಲೌಸನ್ನೂ ಬದಲಿಸಿಕೊಂಡಿದ್ದಾನೆ. ಕಟಿಂಗ್ ಕಾಂಪೌಂಡ್ ಹತ್ತಿದ ಬೆರಳು ಫಿನಿಶಿಂಗ್ ಪ್ಯಾಡನ್ನು ಮುಟ್ಟಿದರೆ ಒರಟು ಕಣ ಅದರೊಳಗೆ ಸೇರಿ ಕೊನೆಯ ಸುತ್ತಿನಲ್ಲಿ ಗೀರು ಹಾಕುತ್ತದೆ. ಈ ಸಲ ಅವನು ಸಾಕೇ ಎಂದು ಕೇಳಲಿಲ್ಲ. ಪ್ಯಾಡನ್ನು ಟಾರ್ಚಿಗೆ ಹಿಡಿದು ತಾನೇ ನೋಡಿ, ಅಂಚಿನಲ್ಲಿ ಒಣಗಿ ಕಂಡ ಒಂದು ಕಡೆ ಬೆರಳಾಡಿಸಿ, ಮೇಸ್ತ್ರಿಯ ಕೈಗೆ ಕೊಟ್ಟ. ಮೇಸ್ತ್ರಿ ಅದನ್ನು ನೋಡದೆ ಮೆಷಿನ್ನನ್ನೇ ಅವನ ಕಡೆ ತಳ್ಳಿದರು. ಡಿಕ್ಕಿಯ ಮೇಲಿನ ಸಮತಟ್ಟು ಭಾಗ ಅವನ ಪಾಲಿಗೆ ಬಂತು.

ಸಂಜೆ ಬಳಸಿದ ಪ್ಯಾಡುಗಳೆಲ್ಲ ಬಕೆಟ್ಟಿಗಿಳಿಯುತ್ತವೆ. ಉಗುರು ಬೆಚ್ಚಗಿನ ನೀರು, ಪ್ಯಾಡ್ ಕ್ಲೀನರ್, ಮತ್ತೆ ಅದೇ ಹೆಬ್ಬೆರಳು. ಒದ್ದೆ ಬಟ್ಟೆಯಂತೆ ಹಿಂಡಿದರೆ ಫೋಮು ಹರಿಯುತ್ತದೆ. ಎರಡು ಅಂಗೈಗಳ ನಡುವೆ ಅಮುಕಿ ನೀರು ತೆಗೆಯಬೇಕು. ಆಮೇಲೆ ಖಾಲಿ ಬಕೆಟ್ಟಿನೊಳಗೆ ಮೆಷಿನ್ನಿಗೆ ಹಾಕಿ ತಿರುಗಿಸಿದರೆ ಉಳಿದ ತೇವ ಚಿಮ್ಮಿ ಹೋಗುತ್ತದೆ. ಒಣಗಿಸುವುದು ಮುಖ ಕೆಳಗೆ ಮಾಡಿ, ಜಾಲರಿಯ ಮೇಲೆ, ನೆರಳಲ್ಲಿ. ನೀರು ಅಂಟಿನ ಕಡೆ ಇಳಿಯಬಾರದು, ಬಿಸಿಲಿಗೆ ಫೋಮು ಪೆಡಸಾಗಬಾರದು. ಅರ್ಧ ಒಣಗಿದ ಪ್ಯಾಡನ್ನು ನಾಳೆ ಬಳಸುವಂತಿಲ್ಲ. ಒಳಗೆ ನೀರಿದ್ದರೆ ಕಾಂಪೌಂಡ್ ತೆಳುವಾಗುತ್ತದೆ, ಫೋಮೂ ಸೊರಗಿ ಕತ್ತರಿಸುವ ಬಲ ಕಳೆದುಕೊಳ್ಳುತ್ತದೆ.

ಮಾಲೀಕರು ಬಂದಾಗ ಸೂರಿನ ದೀಪಗಳೆಲ್ಲ ಉರಿಯುತ್ತಿವೆ. ಆರು ಮೂಲೆಯ ಚೌಕಟ್ಟುಗಳು ಬಾನೆಟ್ಟಿನಲ್ಲಿ ಒಂದು ಗೆರೆಯೂ ಬಾಗದೆ ಮೂಡಿವೆ. ಅವರು ಒಂದು ಸುತ್ತು ಹಾಕಿ, ಹಿಂದಿನ ಡೋರಿನ ಹತ್ತಿರ ನಿಲ್ಲುತ್ತಾರೆ. ಅಲ್ಲಿ ಬೈಕಿನ ಹ್ಯಾಂಡಲ್ ತಾಗಿ ಬಿದ್ದ ಗೀರೊಂದು ಹಾಗೇ ಇದೆ.

“ಇದು ಹೋಗ್ಲಿಲ್ವಲ್ಲ?”

“ಉಗುರು ಆಡಿಸಿ ನೋಡಿ ಸರ್, ಸಿಕ್ಕಿಕೊಳ್ಳುತ್ತಲ್ಲ? ಅಷ್ಟು ಆಳ ಇದೆ. ಅದನ್ನ ತೆಗೀಬೇಕಂದ್ರೆ ಸುತ್ತ ಇರೋದನ್ನೆಲ್ಲ ಅಷ್ಟೇ ಇಳಿಸ್ಬೇಕು. ಅಂಚು ನಯ ಮಾಡಿದೀನಿ, ದೂರಕ್ಕೆ ಕಾಣಲ್ಲ. ಹಾಗೇ ಇರ್ಲಿ ಬಿಡಿ.”

ಮಾಲೀಕರು ಗಾಜಿಗೆ ಅಂಟಿಸಿದ್ದ ಟೇಪಿನ ತುಂಡು ಕಿತ್ತು ಓದುತ್ತಾರೆ. ಮೊದಲು 112 ಎಂದು ಬರೆದಿದ್ದ ಪಕ್ಕದಲ್ಲಿ ಈಗ ಇನ್ನೊಂದು ಅಂಕಿ ಸೇರಿದೆ, 109. ಅಪಾರ್ಟ್‌ಮೆಂಟಿನಲ್ಲಿ ಒಣ ಬಟ್ಟೆ ಹಾಕದಂತೆ ಒರೆಸುವವನಿಗೆ ಹೇಳಬೇಕು, ಮುಂದೆ ಯಾವ ಶೆಡ್ಡಿಗೆ ಹೋದರೂ ಈ ಅಂಕಿ ತೋರಿಸಬೇಕು ಎಂದು ಮೇಸ್ತ್ರಿ ವಿವರಿಸುತ್ತಿದ್ದಾರೆ. ಮಾಲೀಕರ ಲೆಕ್ಕ ಬೇರೆ ದಾರಿಯಲ್ಲಿ ಓಡುತ್ತಿದೆ.

“ಅಂದ್ರೆ ಇಡೀ ದಿನ ಉಜ್ಜಿ ತೆಗೆದದ್ದು ಮೂರೇ ಮೈಕ್ರಾನಾ? ಅದಕ್ಕೆ ಇಷ್ಟೊಂದು ದುಡ್ಡಾ?”

“ಮೂರೇ ಹೋಗ್ಲಿ ಅಂತಾನೇ ಇಷ್ಟು ದುಡ್ಡು ಸರ್,” ಎನ್ನುತ್ತಾರೆ ಮೇಸ್ತ್ರಿ. “ಹತ್ತು ತೆಗೆಯೋದಾದ್ರೆ ಅರ್ಧ ದುಡ್ಡಿಗೆ, ಅರ್ಧ ಗಂಟೆಯಲ್ಲಿ ಮಾಡ್ಕೊಡೋರು ಬೇಕಾದಷ್ಟು ಜನ ಇದಾರೆ.”